ದಬ್ ಅನ್ನೂ ಕಲ್ಲು

ಕಲ್ಲಿಗೆ ಬರೂದು ಎರಡೇ ಮಾತು
ಅಂತಿದ್ದ ನಮ್ಮಪ್ಪ.
ಟಣ್ ಅಂದ್ರ ಒಡಿ.
ದಬ್ ಅಂದ್ರ ಸುತ್ತಿಗಿ ಇಳಸು,
ಒಳಗ ನೀರು ಮಲಗೇತಿ.

ಇಂಡಿ ತಾಲೂಕ ಬಿಟ್ಟು ಪುಣೇಕ ಬಂದಾಗ
ನನಗ ಒಂಬತ್ತು ವರ್ಷ, ಸುತ್ತಿಗಿಗೆ ಇನ್ನೂ ಜಾಸ್ತಿ.
ಭೂಗಾಂವದ ಹಿಂದಿನ ಗುಡ್ಡದಾಗ ಖಾಣಿ,
ಬ್ರಾಸಿನ ಲೆಕ್ಕದಾಗ ಪಗಾರ.
ಬ್ರಾಸಿಗೆ ಕಿವಿ ಇರೂದಿಲ್ಲ.
ಅಪ್ಪ ಸತ್ತ ವರ್ಷ, ಮಳಿಗಾಲಕ್ಕ ಹದಿನೈದು ದಿನಾ ಮೊದಲ,
ಒಂದು ಕಲ್ಲು ದಬ್ ಅಂತು.
ಮುಕಾದಮ ನಿಂತಿದ್ದ. ಮಗಳ ಫೀ ಬಾಕಿ ಇತ್ತು.
ಇನ್ನೊಮ್ಮಿ ಬಡದೆ.

ಖಾಣಿ ಮುಚ್ಚಿ ಹದಿನಾಲ್ಕು ವರ್ಷ ಆದಮ್ಯಾಲ
ಪೆಂಡಸೆ ಬಾಯಿ ನಕಾಶೆ ಹಿಡಕೊಂಡು ನನ್ನ ಖೋಲಿಗೆ ಬಂದ್ರು.
ಸಾಲ್ಯಾಗ ಭೂಗೋಳ ಕಲಸತಿದ್ರಂತ, ಈಗ ರಿಟಾಯರು.
ನಕಾಶೆದಾಗ ನೀಲಿ ದಾರದಂಥ ಗೆರಿ.
ಊರೊಳಗ ಅದಕ್ಕ ನಾಲಾ ಅಂತಾರ, ಮೂಗು ಮುಚ್ಚತಾರ.
ದಾರದ ಬೆನ್ನ ಹತ್ತಿ ಮ್ಯಾಲ ಮ್ಯಾಲ ಹೋಗಿ
ಬಾಯಿ ಬೆರಳಿಟ್ರು: ಹುಟ್ಟೂದು ಇಲ್ಲಿ.
ನನಗ ಓದಾಕ ಬರೂದಿಲ್ಲ.
ಆದ್ರ ಆ ಜಾಗಾ ಗೊತ್ತಾತು.

ಬಿರಾ ಕೋಕರೆ ಸಾಕ್ಷಿ ಹೇಳಿದ,
ಎಪ್ಪತ್ತು ದಾಟಿದ ಧನಗರ, ಕಂಬಳಿ ಒಳಗಿಂದನ ಮಾತು:
ನಮ್ಮಪ್ಪನ ಕುರಿ ಇಲ್ಲಿ ಹೋಳಿತನಕ ಕುಡೀತಿದ್ದುವು.
ನನ್ನ ಕುರಿ ದೀಪಾವಳಿತನಕ.
ಮಗಾ ಕುರಿ ಮಾರಿ ಟೆಂಪೋ ತಗೊಂಡ.

ಮೊದಲ ಐತವಾರ ಸೊಸಾಯ್ಟಿಯಿಂದ ನಲವತ್ತು ಮಂದಿ,
ಕೈಗವಸು, ಟೊಪ್ಪಿಗಿ, ಡಬ್ಬಿತುಂಬ ಪೋಹೆ.
ಮೂರನೇ ಐತವಾರ ಒಂಬತ್ತು.
ಆ ಒಂಬತ್ತು ಮಂದಿ ಕಲ್ಲು ಜೋಡಿಸಿದ್ರು,
ಕಪಾಟಿನಾಗ ಪುಸ್ತಕ ಇಟ್ಟಂಗ.
ಮೊದಲ ಮಳಿ ಎಲ್ಲಾ ಓದಿ ಒಗದು ಹೋತು.
ನಾ ನಕ್ಕೆ.
ಹಂಗಾದ್ರ ನೀವೇ ತೋರಸ್ರಿ, ಅಂದ್ರು.
ಶ್ರಮದಾನ, ಅಂದ ಒಬ್ಬ ಹುಡುಗ.
ಶ್ರಮ ಐತಿ ತಮ್ಮಾ ನನ್ನ ಕಡೆ. ಅದನ್ನೂ ದಾನಾ ಮಾಡಿದ್ರ
ಸಂಜಿಕ ಒಲಿಮ್ಯಾಲ ಏನ ಇಡ್ಲಿ?
ಬಾಯಿ ಸುಮ್ಮನಾದ್ರು. ಮುಂದಿನ ವಾರ
ಮನಿಗೆ ಇಷ್ಟಂತ ವರ್ಗಣಿ ಎತ್ತಿ ಕೂಲಿ ತಂದ್ರು,
ಲಕ್ಕೋಟಿಯೊಳಗ ಅಲ್ಲ, ಕೈಯಾಗ ಎಣಿಸಿ.

ತೋರಿಸಿದೆ.
ಉದ್ದಂದು ಒಳಗ, ಗಿಡ್ಡಂದು ಮುಂದ.
ಕಲ್ಲಿನ ಬಾಲ ಗುಡ್ಡದಾಗ ಹೂತಿರಬೇಕು,
ವಸಡಿನಾಗ ಹಲ್ಲು ಇದ್ದಂಗ.
ಸಿಮೆಂಟ ಬ್ಯಾಡ. ನೀರು ನಿಲ್ಲಸೂದಲ್ಲ ಇದು.
ಹೊಂಟು ನಿಂತ ಬೀಗರಿಗೆ
ತಡೀರಿ, ಚಾ ಕುಡದು ಹೋಗ್ರಿ ಅಂತೀವಲ್ಲ, ಅಷ್ಟ.
ಕುಂತ ನೀರು ನೆಲದ ಕೂಡ ಮಾತಿಗೆ ಬೀಳತೈತಿ.

ಆ ಬ್ಯಾಸಗಿ ಹನ್ನೊಂದು ಒಡ್ಡು ಹಾಕಿದಿವಿ.
ರಾತ್ರಿ ರಾಡಾರೋಡಾ ಸುರವಾಕ ಬರೂ ಟ್ರಕ್ಕಿಗೆ
ಕೋಕರೆನ ನಾಯಿ ಅಡ್ಡ ಮಲಗತಿತ್ತು, ನಾವು ಬ್ಯಾಟರಿ ಹಿಡದು ಹಿಂದ.
ಒಂದು ಟ್ರಕ್ಕಿನಾಗ ನನ್ನ ತಂಗಿ ಮಗ ಕುಂತಿದ್ದ.
ದೊಡ್ಡವ್ವಾ, ನೀ ಇಲ್ಯಾಕ? ಅಂದ.
ನೀ ಯಾಕ ಅಂತ ನಾ ಕೇಳಲಿಲ್ಲ.
ರಿವರ್ಸ ತಗೊ, ಅಂದೆ.
ಬಾಳ ಹೊತ್ತು ಲೈಟ ಆರಿಸದ ನಿಂತಿದ್ದ, ಆಮ್ಯಾಲ ತಗೊಂಡ.

ಹತ್ತು ಒಡ್ಡಿನ ಕೂಲಿ ಎಣಿಸಿಕೊಂಡೆ.
ಹನ್ನೊಂದನೇದು, ಎಲ್ಲಾದ್ಕಿಂತ ಮ್ಯಾಲಿಂದು,
ಖಾಣಿ ಬಾಯಿಗೆ ಹಾಕಿದ್ದು,
ಅದರ ರೊಕ್ಕ ಮುಟ್ಟಲಿಲ್ಲ.
ಯಾಕ ಹುಲಿಗೆವ್ವಾ? ಅಂದ್ರು ಬಾಯಿ.
ಇರ್ಲಿ ಬಿಡ್ರಿ, ಅಂದೆ.

ಈ ಸಲ ಸಂಕ್ರಾಂತಿ ದಾಟಿತು.
ಮ್ಯಾಲಿನ ಕಲ್ಲಿನ ಸಂದಿನಾಗ
ಬಟ್ಟಲದಷ್ಟು ನೀರು, ಅದರಾಗ ಒಂದು ಏಡಿಮರಿ.
ಕೋಕರೆನ ಉಳದ ಒಂದು ಕುರಿ
ಮೂಸಿ ನೋಡಿ ಹೋತು, ಕುಡೀಲಿಲ್ಲ.
ಎಲ್ಲಾರೂ ಇಳದು ಹೋದಮ್ಯಾಲ ಒಬ್ಬಾಕಿ ನಿಂತೆ.
ಸುತ್ತಿಗಿ ಕೈಯಾಗಿತ್ತು. ಕೆಳಗಿಟ್ಟೆ.
ಬಾಣಂತಿ ಮನಿ ಬಾಗಲಾ ತಟ್ಟಿದಂಗ
ಬೆರಳ ಗಿಣ್ಣಿಲೆ ಮೆಲ್ಲಗ ತಟ್ಟಿದೆ.

ದಬ್.

ಮಲಕೊ, ಅಂದೆ.